ಕುದುರೆ ಸವೆದ ರಿವಾಲ್ವರ್

ಮೊನ್ನೆ ರಿಪೇರಿಯವನು ಮನೆಗೆ ಬಂದು ನನ್ನ ಹಳೆಯ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಹೋದ. ಅವನು ಹೋದ ಮೇಲೂ ಆ ಎಣ್ಣೆಯ ವಾಸನೆ ನಡುಮನೆಯಲ್ಲೇ ನಿಂತಿತ್ತು. ನನಗೆ ಊಟ ಸೇರಲಿಲ್ಲ. ಆ ವಾಸನೆ ಬಂದರೆ ಬಟ್ಟೆ, ದಾರ ಯಾವುದೂ ನೆನಪಾಗುವುದಿಲ್ಲ, ಪಕ್ಕದ ಮನೆಯ ಅಕ್ಕನ ಬೆರಳುಗಳು ನೆನಪಾಗುತ್ತವೆ…

ನಾನು ಮದುವೆಯಾಗಿ ಬಂಗಾರಪೇಟೆಯಿಂದ ನಂದಿದುರ್ಗ ಚಿನ್ನದ ಗಣಿಯ ಲೈನಿಗೆ, ಅಂದರೆ ಕೆಲಸಗಾರರ ಸಾಲುಮನೆಗಳಿಗೆ, ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಕೆಮ್ಮಿದರೆ ಈಚೆ ಕೇಳುತ್ತಿತ್ತು. ಆಚೆ ಮನೆಯಲ್ಲಿ ಗಣಿ ಕಾವಲಿನ ದಫೇದಾರರು ಮತ್ತು ಅವರ ಹೆಂಡತಿ, ಇಬ್ಬರೇ. ಅವಳು ಬೇತಮಂಗಲದ ಕಡೆಯವಳು, ನನಗಿಂತ ದೊಡ್ಡವಳು. ಮೊದಲ ದಿನವೇ ಒಂದು ಕೊಡ ನೀರು ತಂದು ಬಾಗಿಲಲ್ಲಿಟ್ಟು ಹೋದಳು. ಅಂದಿನಿಂದ ನನಗೆ ಅವಳು ಅಕ್ಕ.

ದಫೇದಾರರ ಬಳಿ ಒಂದು ರಿವಾಲ್ವರ್ ಇತ್ತು. ಊರಿಗೆ ಮರಳುವಾಗ ಒಬ್ಬ ಇಂಗ್ಲಿಷ್ ದೊರೆ ಕೊಟ್ಟು ಹೋದದ್ದು. ಲೈಸೆನ್ಸ್ ಮಾಡಿಸಿಕೊಂಡು, ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಭಾನುವಾರ ಅದನ್ನು ಒರೆಸಿ ಹೊಲಿಗೆ ಮಿಷನ್ನಿನ ಎಣ್ಣೆ ಹಚ್ಚುವ ಕೆಲಸ ಅಕ್ಕನದು. ಬೇಕೆಂದೇ ಅವಳಿಗೆ ವಹಿಸಿದ್ದರು. ಯಾಕೆಂದು ನನಗೆ ಕ್ರಮೇಣ ಗೊತ್ತಾಯಿತು.

ಸಾರಿಗೆ ಉಪ್ಪು ಹೆಚ್ಚಾದರೆ, ಬಾಗಿಲು ತೆಗೆಯುವುದು ತಡವಾದರೆ, ಕೆಲವೊಮ್ಮೆ ಏನೂ ಇಲ್ಲದೆಯೂ ಅವರು ರಿವಾಲ್ವರನ್ನು ತಂದು ಅವಳ ಕಪಾಲಕ್ಕೆ ಇಡುತ್ತಿದ್ದರು. ಕೈ ಮಾಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ.

"ಗುಂಡು ಐತಾ, ಇಲ್ವಾ? ಯೇಳು ನೋಡಾನ."

ಅವಳು ಏನಾದರೊಂದು ಹೇಳಲೇಬೇಕು. ಆಮೇಲೆ ಗೋಡೆಯಾಚೆಯಿಂದ ಟಕ್ ಎಂದು ಒಂದು ಸದ್ದು. ನಂತರ ದಫೇದಾರರ ನಗು. ನಮ್ಮವರು ಒಮ್ಮೆ ಹೋಗಿ ಬುದ್ಧಿ ಹೇಳಿದ್ದಕ್ಕೆ, "ಖಾಲಿ ಗನ್ನು, ತಮಾಷೆಗಪ್ಪ" ಎಂದು ಕಾಫಿ ಕುಡಿಸಿ ಕಳಿಸಿದ್ದರು. ಆ ರಾತ್ರಿ ಟಕ್ ಸದ್ದು ನಿಲ್ಲದೆ ಕೇಳಿಸಿತು. ನಮ್ಮವರು ಮತ್ತೆ ಹೋಗಲಿಲ್ಲ, ಅಕ್ಕನೇ ಬೇಡವೆಂದಳು.

ಹೀಗಿರುವಾಗ ಹಳೆಯ ಬಂದೂಕುಗಳನ್ನು ಸಂಗ್ರಹಿಸುವ ಒಬ್ಬ ಸಾಹೇಬರು ಬೆಂಗಳೂರಿನಿಂದ ಬಂದರು. ಸೈನ್ಯದಲ್ಲಿದ್ದು ನಿವೃತ್ತರಾದವರು. ರಿವಾಲ್ವರಿಗೆ ಬೆಲೆ ಕಟ್ಟಿಸಲು ದಫೇದಾರರೇ ಹೇಳಿ ಕಳಿಸಿ ಕರೆಸಿಕೊಂಡಿದ್ದರು. ಉಪ್ಪಿಟ್ಟಿಗೆ ಕೈ ಜೋಡಿಸಲು ಅಕ್ಕ ನನ್ನನ್ನು ಕರೆದಿದ್ದಳು. ಅಡುಗೆಮನೆಯಿಂದಲೇ ನಾನು ಎಲ್ಲವನ್ನೂ ನೋಡಿದೆ.

ಸಾಹೇಬರು ರಿವಾಲ್ವರನ್ನು ಕೂಸಿನ ಹಾಗೆ ಎತ್ತಿಕೊಂಡರು. ಕಿಟಕಿಯ ಬಳಿ ಹೋಗಿ ನಳಿಗೆಯ ಹಿಂಬದಿಗೆ ಹೆಬ್ಬೆರಳಿನ ಉಗುರು ಹಿಡಿದು, ಅದರಿಂದ ಬೆಳಕು ಹಾಯಿಸಿ ಒಳಗೆ ಇಣುಕಿದರು. ಒಳಗೆ ಕೊರೆದ ಗೆರೆಗಳೆಲ್ಲ ಹೊಸದರ ಹಾಗಿವೆ ಎಂದರು. ಉಕ್ಕಿನ ಮೇಲಿನ ನೀಲಿ ಮೆರುಗು ಹೋಗಿಲ್ಲ, ಹಿಡಿ ಬಿರುಕು ಬಿಟ್ಟಿಲ್ಲ, ಬಿಡಿಭಾಗಗಳ ಮೇಲಿನ ನಂಬರುಗಳೆಲ್ಲ ಒಂದೇ ಎಂದರು. "ಇಷ್ಟು ಚೆನ್ನಾಗಿ ನೋಡಿಕೊಂಡದ್ದು ಅಪರೂಪ. ಯಾರು ಒರೆಸುವುದು?" ಎಂದು ಕೇಳಿದರು. ದಫೇದಾರರು "ನಾನೇ ಸಾರ್" ಎಂದರು.

ಆಮೇಲೆ ಸಾಹೇಬರು ಗುಂಡಿಗೆ ಬಡಿಯುವ ಭಾಗವನ್ನು, ಅದೇ ಬಂದೂಕಿನವರು ಕುದುರೆ ಎನ್ನುತ್ತಾರಲ್ಲ, ಅದನ್ನು ಹಿಂದಕ್ಕೆಳೆದು ಭೂತಗನ್ನಡಿ ಹಿಡಿದರು. ಮುಖ ಬಾಡಿತು.

"ಇದರ ಮೂತಿ ಪೂರ್ತಿ ಸವೆದಿದೆಯಲ್ಲ! ಇದು ಗುಂಡು ಹೊಡೆದು ಸವೆದದ್ದಲ್ಲ. ಖಾಲಿ ಇಟ್ಟುಕೊಂಡು ಹೊಡೆದೂ ಹೊಡೆದೂ ಸವೆದದ್ದು. ಈಗ ಗುಂಡು ತುಂಬಿದರೂ ಸಿಡಿಯುವುದಿಲ್ಲ. ಇಂಥ ವಸ್ತುವಿಗೆ ಯಾರ್ರೀ ಇಷ್ಟು ಹಿಂಸೆ ಕೊಟ್ಟದ್ದು?"

"ಮಕ್ಕಳು ಆಟ ಆಡಿರ್ಬೇಕು ಸಾರ್," ಎಂದರು ದಫೇದಾರರು.

ಅಕ್ಕ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಮ್ಗೆ ಮಕ್ಕಳಿಲ್ಲ ಸ್ವಾಮಿ," ಎಂದಳು.

ಸಾಹೇಬರು ಒಮ್ಮೆ ಅವಳ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು ಅಂತಲೇ ನನ್ನ ಭಾವನೆ. ಆದರೆ ಮತ್ತೆ ರಿವಾಲ್ವರಿನ ಕಡೆಗೇ ತಿರುಗಿದರು. "ಬೇರೆ ಕುದುರೆ ಮಾತ್ರ ಹಾಕಿಸಬೇಡಿ. ಹಾಕಿಸಿದರೆ ಇದು ಸಂಗ್ರಹಕ್ಕೆ ಬರುವುದಿಲ್ಲ. ಇದ್ದ ಹಾಗೇ ಇಡಿ. ನಾನು ಸ್ವಲ್ಪ ಯೋಚಿಸುತ್ತೇನೆ, ಮುಂದೆ ನಾನೇ ಕೊಂಡೊಯ್ಯುತ್ತೇನೆ," ಎಂದು ಹೇಳಿ, ಕಾಫಿ ಮುಗಿಸಿ ಹೊರಟರು.

ಅಂದು ಸಂಜೆ ಗೋಡೆಯಾಚೆ ಮತ್ತೆ ಟಕ್ ಎಂದಿತು. ಅದರ ಹಿಂದೆಯೇ ನಾನು ಎಂದೂ ಕೇಳದ ಒಂದು ನಗು. ಅಕ್ಕನದು.

"ಒಡೀರಿ, ಇನ್ನೂ ಒಡೀರಿ! ಅದ್ರ ಮೂತಿ ಸವ್ದೋಗೈತಂತೆ, ಇನ್ನೇನ್ ಮಾಡಾಕೈತೆ?"

ಆಮೇಲಿನ ದಿನಗಳಲ್ಲಿ ಅಕ್ಕ ಬೇರೆಯೇ ಆಗಿದ್ದಳು. ನಲ್ಲಿಕಟ್ಟೆಯಲ್ಲಿ ಹೆಂಗಸರ ಜೊತೆ ತಮಿಳಿನಲ್ಲಿ ಹರಟುತ್ತಿದ್ದಳು. ಆಂಡರ್ಸನ್‌ಪೇಟೆಗೆ ಹೋಗಿ ಹಸಿರು ಬಳೆ ತೊಟ್ಟು ಬಂದಳು. "ಇಷ್ಟ್ ವರ್ಸ ಒಂದು ಸತ್ತೋದ ಕಬ್ಬಿಣಕ್ಕೆ ಎದ್ರುಕೊಂಡಿದ್ನಲ್ಲೇ," ಎಂದು ನನ್ನ ತೋಳು ಹಿಡಿದು ನಕ್ಕಳು. ದಫೇದಾರರು ಅವಳನ್ನು ಏನೂ ಅನ್ನಲಿಲ್ಲ. ಒಂದು ದಿನ ರಜೆ ಹಾಕಿ, ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಬೆಂಗಳೂರಿಗೆ ಹೋದರು. ಕೈಯಲ್ಲಿ ಮಖಮಲ್ಲಿನ ಗಂಟಿತ್ತು. ಮಾರಲು ಹೋದರೆಂದು ಅಕ್ಕ ತಿಳಿದಳು. ಮರಳಿ ಬಂದಾಗಲೂ ಗಂಟು ಕೈಯಲ್ಲೇ ಇತ್ತು. ಹೊಸ ಕುದುರೆ ಹಾಕಿಸಿಕೊಂಡು ಬಂದಿದ್ದರು. ಯಾರಿಗೂ ಹೇಳಲಿಲ್ಲ.

ಕೆಲವು ದಿನ ಕಾದು, ಊಟದ ಹೊತ್ತಿನಲ್ಲಿ ಅವರು ಮತ್ತೆ ಅದನ್ನು ಎತ್ತಿ ಹಿಡಿದರಂತೆ. ಗುಂಡು ಐತಾ ಇಲ್ವಾ ಎಂದು ಕೇಳಿದರಂತೆ. ಅಕ್ಕ ನಕ್ಕಳಂತೆ. ಅವರು ನಳಿಗೆಯನ್ನು ಅವಳ ಬಲಗಿವಿಯ ಪಕ್ಕಕ್ಕೆ ಸರಿಸಿ ಗೋಡೆಗೆ ಹೊಡೆದರು. ಈಚೆ ನಮ್ಮ ಗೋಡೆಯ ಗಾರೆ ಕಿತ್ತು ರಾಗಿಹಿಟ್ಟಿನ ಡಬ್ಬಿಯೊಳಗೆ ಬಿತ್ತು. ನಾನು ಓಡಿ ಹೋದೆ. ಅಕ್ಕ ತಟ್ಟೆಯ ಮುಂದೆ ಕುಳಿತೇ ಇದ್ದಳು. ಕಿವಿಯಿಂದ ರಕ್ತ ಕತ್ತಿಗೆ ಇಳಿದಿತ್ತು. ದಫೇದಾರರು ಮುದ್ದೆ ಮುರಿದು ತಿನ್ನುತ್ತಿದ್ದರು.

ಮರುದಿನ ಠಾಣೆಯಿಂದ ಬಂದವರಿಗೆ ದಫೇದಾರರು, ಒರೆಸುವಾಗ ಸಿಡಿಯಿತು, ಎಂದರು. ನಾನು ಕಂಡದ್ದನ್ನು ಹೇಳಿದೆ. ಆದರೆ ಅವರಿಗೆ ಬೇಕಾದದ್ದು ಅಕ್ಕನ ಮಾತು.

"ಏನಮ್ಮಾ, ನೀನು ಕೇಳಿಸ್ಕೊಂಡಿದ್ದು ಏನು?"

"ನಂಗೇನೂ ಕೇಳ್ತಾ ಇಲ್ಲ ಸ್ವಾಮಿ," ಎಂದಳು ಅಕ್ಕ.

ಎಡಗಿವಿ ಸ್ವಲ್ಪ ಮರಳಿತು. ಬಲಗಿವಿ ಮರಳಲೇ ಇಲ್ಲ. ಅವಳೊಂದಿಗೆ ನಡೆಯುವಾಗ ನಾನು ಎಡಕ್ಕೇ ನಡೆಯುತ್ತಿದ್ದೆ. ನಲ್ಲಿಕಟ್ಟೆಯ ಹರಟೆ ನಿಂತಿತು. ಭಾನುವಾರಗಳಲ್ಲಿ ಎಣ್ಣೆ ಹಚ್ಚುವುದು ಮಾತ್ರ ನಿಲ್ಲಲಿಲ್ಲ.

ಅದಾದ ಮೂರನೆಯ ವರ್ಷ, ಒಂದು ಬೆಳಿಗ್ಗೆ ಹಾಲು ತರಲು ಹೋದ ಅಕ್ಕ ರೈಲು ಹಳಿ ದಾಟುತ್ತಿದ್ದಳು. ಬಂಗಾರಪೇಟೆಗೆ ಹೋಗುವ ಗಾಡಿ ಬಲಗಡೆಯಿಂದ ಬಂತು. ಡ್ರೈವರ್ ಸೀಟಿ ಹಾಕಿದ, ನಿಲ್ಲಿಸದೆ ಹಾಕಿದ ಎಂದು ಕಂಡವರೆಲ್ಲ ಹೇಳಿದರು. ಪಾಪ, ಅವನದೇನೂ ತಪ್ಪಿಲ್ಲ ಎಂದರು. ದಫೇದಾರರೂ ಹಾಗೇ ಎಂದರು. "ಅವ್ಳಿಗೆ ಕಿವಿ ಕೇಳ್ತಿರ್ಲಿಲ್ಲ, ಏನ್ ಮಾಡದು?" ಎಂದು ಬಂದವರಿಗೆಲ್ಲ ಹೇಳಿದರು.

ತಿಥಿ ಮುಗಿದ ಮೇಲೆ ಅವರು ಸಾಹೇಬರಿಗೆ ಮತ್ತೆ ಹೇಳಿ ಕಳಿಸಿದರು. ಸಾಹೇಬರು ಬಂದು, ಭೂತಗನ್ನಡಿ ಹಿಡಿದು, ನಿಂತಲ್ಲೇ ಬೇಡವೆಂದು ತಲೆಯಾಡಿಸಿದರು. ಕುದುರೆಯ ಮೇಲಿನ ನಂಬರು ಬೇರೆ. ಅದನ್ನು ಕೂರಿಸುವಾಗ ರಿವಾಲ್ವರಿನ ಮೈಯನ್ನೂ ಅರ ಹಾಕಿ ಕೊರೆದಿದ್ದಾರೆ. "ಹೇಳಿದ್ದೆನಲ್ಲ. ಇದಿನ್ನು ಬರೀ ಕಬ್ಬಿಣ," ಎಂದು ಕಾಫಿಗೂ ಕೂರದೆ ಹೋದರು. ಹೆಣ ಎತ್ತುವಾಗ ಅಳದಿದ್ದ ದಫೇದಾರರು ಅಂದು ಜಗುಲಿಯ ಮೇಲೆ ಕುಳಿತು, ಎಲ್ಲರಿಗೂ ಕಾಣುವಂತೆ ಅತ್ತರು.

ದಫೇದಾರರು ತೀರಿಕೊಂಡೂ ಬಹಳ ವರ್ಷಗಳಾದವು. ಆ ಲೈನಿನಲ್ಲಿ ಈಗ ನನ್ನನ್ನು ಗುರುತಿಸುವವರಿಲ್ಲ. ನಾನಿರುವುದು ಮತ್ತೆ ಬಂಗಾರಪೇಟೆಯಲ್ಲಿ, ಮಗನ ಮನೆಯಲ್ಲಿ. ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರಿಗೆ ಎಡೆ ಇಡುವಾಗ ಅಕ್ಕನಿಗೆಂದು ಒಂದು ಎಲೆ ಹೆಚ್ಚಿಗೆ ಹಾಕುತ್ತೇನೆ. ಸೊಸೆ ಈ ಸಲ, "ಇವ್ರಿಗೆ ಏನು ಇಷ್ಟ ಇತ್ತು ಅತ್ತೆ? ಅದನ್ನೇ ಮಾಡಾನ," ಎಂದಳು. ನಾನು ಎಷ್ಟು ಹೊತ್ತು ಯೋಚಿಸಿದರೂ… ದಫೇದಾರರಿಗೆ ಇಷ್ಟವಾದದ್ದೆಲ್ಲ ನೆನಪಾಯಿತು. ಅವಳದು ಒಂದೂ ಗೊತ್ತಿರಲಿಲ್ಲ. ಮನೆಯಲ್ಲಿ ಮಾಡಿದ್ದನ್ನೇ ಬಡಿಸಿದೆವು.