ಚಪ್ಪೆ ನೀರು

ಪೊರ್ಬುಗಳ ಬಲಗೈಯ ತೋರುಬೆರಳಿನ ತುದಿ ಯಾವಾಗಲೂ ಸುಕ್ಕುಗಟ್ಟಿ ಬೆಳ್ಳಗಾಗಿರುತ್ತಿತ್ತು. ಕಂಡ ನೀರಿಗೆಲ್ಲ ಆ ಬೆರಳನ್ನು ಅದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳುವುದು ಅವರ ಅಭ್ಯಾಸ. ಬಾವಿಯ ಕೊಡಪಾನ, ಮದುವೆ ಮನೆಯ ನೀರಿನ ಲೋಟ, ಒಮ್ಮೆ ನಮ್ಮ ಬಚ್ಚಲಿನ ಹಂಡೆ, ಯಾವುದನ್ನೂ ಬಿಟ್ಟವರಲ್ಲ. ಮುಟ್ಟಿಸಿಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಉಪ್ಪಿನ ಸುಳಿವಿಲ್ಲದಿದ್ದರೆ, ‘ಚಪ್ಪೆ ಉಂಟು’ ಎನ್ನುತ್ತಿದ್ದರು. ನಾವೆಲ್ಲ ಉಪ್ಪು ಸಾಲದ ಸಾರನ್ನು ಚಪ್ಪೆ ಎಂದು ಮೂಗು ಮುರಿಯುವವರು. ಅವರ ಬಾಯಲ್ಲಿ ಮಾತ್ರ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ನಮ್ಮ ತುಳುವರು ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದೂ ಅವರ ಹೆಂಡತಿಯನ್ನು ಬಾಯಮ್ಮ ಎಂದೂ ಕರೆಯುವುದು ವಾಡಿಕೆ. ಎಂಬತ್ತನೇ ಇಸವಿಯ ಆಚೀಚೆ ಕಾಪುವಿನ ಕಡಲ ಬದಿಯಲ್ಲಿದ್ದ ಅವರ ಮನೆಯ ಒಂದು ಪಕ್ಕ ನಮಗೆ ಬಾಡಿಗೆಗೆ ಸಿಕ್ಕಿತ್ತು. ನನ್ನ ಗಂಡನಿಗೆ ಬೊಂಬಾಯಿಯಲ್ಲಿ ಕೆಲಸವಾದ್ದರಿಂದ ಆ ಪಕ್ಕದಲ್ಲಿ ಇರುತ್ತಿದ್ದವಳು ನಾನೊಬ್ಬಳೇ.

ಪೊರ್ಬುಗಳು ಕೆಲವು ವರ್ಷ ಗಲ್ಫಿನಲ್ಲಿದ್ದು ಬಂದವರು. ಅಲ್ಲಿನ ತೋಟವೊಂದರಲ್ಲಿ ಮಣ್ಣಿಲ್ಲದೆ, ಬರೀ ಜಲ್ಲಿಕಲ್ಲು ಮತ್ತು ಗೊಬ್ಬರದ ಮದ್ದು ಕರಗಿಸಿದ ನೀರಿನಲ್ಲಿ ತರಕಾರಿ ಬೆಳೆಯುವುದನ್ನು ಕಲಿತಿದ್ದರು. ಕಾಪುವಿನ ಆ ಹಿತ್ತಲಿನ ಉಪ್ಪು ಹೊಯಿಗೆಯಲ್ಲಿ, ಬರೀ ಮರಳಿನಲ್ಲಿ, ಬಸಳೆ ಕೂಡ ಬೇರು ಬಿಡುತ್ತಿರಲಿಲ್ಲ. ಬಾಯಮ್ಮನ ತವರು ಕಾರ್ಕಳದ ಕಡೆ, ಒಳ್ಳೆಯ ಮಣ್ಣಿನವರು. ಹುಡುಗಿಯನ್ನು ಹರಿವೆ ಸೊಪ್ಪೂ ಹುಟ್ಟದ ಜಾಗಕ್ಕೆ ಕೊಟ್ಟೆವು ಎಂದು ಅವರು ಬಂದಾಗಲೆಲ್ಲ ನಗುತ್ತಿದ್ದರಂತೆ. ಆ ನಗೆ ಪೊರ್ಬುಗಳಿಗೆ ತಾಗಿತ್ತು. ತಗಡಿನ ಡಬ್ಬಗಳನ್ನು ಸೀಳಿ, ಡಾಮರು ಬಳಿದು, ಜಲ್ಲಿ ತುಂಬಿ ಗಿಡ ನೆಟ್ಟರು. ಬೆಳಿಗ್ಗೆ ಮದ್ದಿನ ನೀರಿನ ಬಾಲ್ದಿಯನ್ನು ರಾಟೆಯಲ್ಲಿ ಮೇಲೆತ್ತಿದರೆ ನೀರು ಪೈಪಿನಲ್ಲಿ ಇಳಿದು ಬೇರನ್ನು ತೋಯಿಸುತ್ತಿತ್ತು; ಕೆಳಗಿಳಿಸಿದರೆ ಮತ್ತೆ ಬಾಲ್ದಿಗೇ ಬರುತ್ತಿತ್ತು. ಆ ರಾಟೆಯ ಕಿರುಗುಟ್ಟುವ ಸದ್ದಿಗೇ ನನಗೆ ಎಚ್ಚರವಾಗುವುದು.

ಇದಕ್ಕೆ ಬಾವಿಯ ನೀರು ಆಗದು. ಬೇಸಿಗೆ ಏರಿದಂತೆ ಅದಕ್ಕೆ ಕಡಲಿನ ಉಪ್ಪು ಸೇರುತ್ತಿತ್ತು. ಹಾಗಾಗಿ ಮಳೆಗಾಲದಲ್ಲಿ ಹಂಚಿನ ಮಾಡಿನಿಂದ ಇಳಿಯುವ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿಸಿ ಸಿಮೆಂಟಿನ ಟಾಂಕಿಗೆ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕಿಡುತ್ತಿದ್ದರು. ಬೀಗ ಹಾಕಿದ ಮೇಲೂ ಸಮಾಧಾನವಿಲ್ಲ. ಟಾಂಕಿ ಬಿರುಕು ಬಿಟ್ಟರೆ, ಇಲಿ ಬಿದ್ದರೆ, ಮಳೆ ತಡವಾದರೆ? ಇಷ್ಟು ಹೆದರುವ ಗಂಡಸನ್ನು ನಾನು ಬೇರೆ ಕಂಡಿಲ್ಲ. ಬಾಯಮ್ಮ, ‘ಇವರಿಗೆ ಹೆದರಲಿಕ್ಕೆ ಎಂತದೂ ಇಲ್ಲದಿದ್ದರೆ ಅದಕ್ಕೂ ಹೆದರಿಕೆ’ ಎಂದು ಗೊಣಗುತ್ತಿದ್ದರು.

ನಾನು ಬಸುರಿಯಾದ ವರ್ಷ ಆ ಹೆದರಿಕೆ ನನಗೂ ಅಂಟಿತು. ಮೇ ಶುರುವಿಗೆ, ಏಳು ತಿಂಗಳಾಗುವಾಗ ಕಾಲು ಬಾತುಕೊಂಡಿತು. ಮಣಿಪಾಲದ ಡಾಕ್ಟರು ರಕ್ತದೊತ್ತಡ ಏರಿದೆ, ಉಪ್ಪು ಮುಟ್ಟಬೇಡಿ, ಮಲಗಿಕೊಂಡೇ ಇರಿ, ಇಲ್ಲದಿದ್ದರೆ ಮಗುವಿಗೆ ಅಪಾಯ ಎಂದರು. ಹೋಗಿ ಮಲಗಲು ತವರಿನಲ್ಲಿ ಅಮ್ಮ ಇರಲಿಲ್ಲ. ಬಾವಿಯ ನೀರಿನಲ್ಲಿ ಗಂಜಿ ಬೇಯಿಸಿದರೆ ಉಪ್ಪು ಹಾಕದೆಯೇ ಉಪ್ಪಾಗುತ್ತಿತ್ತು. ಇದನ್ನು ಬಾಯಮ್ಮನ ಹತ್ತಿರ ಹೇಳಿ ಅತ್ತೆ. ಮರುದಿನದಿಂದ ನನ್ನ ಹೊಸ್ತಿಲಲ್ಲಿ ಒಂದು ಕೊಡಪಾನ ಸಿಹಿನೀರು ಬರತೊಡಗಿತು. ಹೆದ್ದಾರಿಯ ಆಚೆ ಗದ್ದೆಯ ಬಾವಿಯದ್ದು ಎಂದರು ಬಾಯಮ್ಮ. ನಾನು ನಂಬಿದೆ.

ಮೇ ಮುಗಿದರೂ ಮಳೆಯಿಲ್ಲ. ರಾಟೆಯ ಸದ್ದು ಕೇಳಿಸದೆ ಎಷ್ಟೋ ದಿನಗಳಾಗಿದ್ದವು; ಪೊರ್ಬುಗಳಿಗೆ ಬೆನ್ನುನೋವಿರಬೇಕು ಎಂದುಕೊಂಡೆ. ಪ್ರತಿದಿನ ಬಾತ ಪಾದವನ್ನು ಒತ್ತಿ ನೋಡುವುದು, ಕುಳಿ ಬಿದ್ದರೆ ಅದು ತುಂಬುವವರೆಗೆ ಎಣಿಸುವುದು, ಮಗು ಒದೆಯುವವರೆಗೆ ಉಸಿರು ಹಿಡಿದು ಕಾಯುವುದು, ಇದಿಷ್ಟೇ ನನ್ನ ದಿನಚರಿಯಾಗಿತ್ತು.

ಕೊನೆಗೊಂದು ಸಂಜೆ ಮಳೆ ಬಂತು. ನಾನು ತಡೆಯಲಾರದೆ ಎದ್ದು ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಮಾಡಿನಂಚಿನ ಕೆಳಗೆ ಇಟ್ಟೆ. ಪೇಟೆಯಿಂದ ಕೊಡೆ ಹಿಡಿದು ಬಂದ ಪೊರ್ಬುಗಳು ತುಂಬಿದ ಪಾತ್ರೆಗಳನ್ನು ಒಂದೊಂದಾಗಿ ಕವುಚಿ ನೀರು ಚೆಲ್ಲತೊಡಗಿದರು. ನನಗೆ ಅಳು ಬಂತು.

“ಪೊರ್ಬುಗಳೇ, ಇದೂ ಇಲ್ಲದಿದ್ದರೆ ನಾನು ಎಂತ ಕುಡಿಯಲಿ?”

ಅವರು ಕೊನೆಯ ಪಾತ್ರೆಯನ್ನು ನನ್ನ ಮುಂದೆ ಹಿಡಿದು, ಬೆರಳು ಅದ್ದಿ ನೋಡಲು ಹೇಳಿದರು. ನೀರು ಉಪ್ಪಾಗಿತ್ತು.

“ಬೇಸಿಗೆಯಿಡೀ ಕಡಲಗಾಳಿ ತಂದ ಉಪ್ಪು ಹಂಚಿನ ಮೇಲೆ ಉಂಟು, ಮಗಳೇ. ಮೊದಲ ಮಳೆ ಅದನ್ನು ತೊಳೆಯಬೇಕು. ಮಾಡು ಚಪ್ಪೆಯಾಗುವವರೆಗೆ ಕುಡಿಯಲಿಕ್ಕೆ ಟಾಂಕಿಯಲ್ಲಿ ಸ್ವಲ್ಪ ಉಂಟು.”

ಅವರು ಬೀಗ ತೆಗೆಯುವಾಗ ನಾನೂ ಹಿತ್ತಲಿಗೆ ಹೋದೆ. ಟಾಂಕಿಯ ತಳ ಕಾಣುತ್ತಿತ್ತು. ಅವರು ಬಗ್ಗಿ ತೆಂಗಿನ ಗೆರಟೆಯಿಂದ ಮೊಗೆದು ಮೊಗೆದು ನನ್ನ ಕೊಡಪಾನಕ್ಕೆ ಸುರಿದರು. ಪಕ್ಕದ ಡಬ್ಬಗಳಲ್ಲಿ ಟೊಮೆಟೊ, ಬೆಂಡೆ, ಹರಿವೆ ಎಲ್ಲ ಒಣಗಿ ಕಡ್ಡಿಯಾಗಿದ್ದವು. ಮೊದಲ ಟೊಮೆಟೊವನ್ನು ಇಗರ್ಜಿಗೆ ಕೊಟ್ಟು, ಪೂಜೆ ಮುಗಿದ ಮೇಲೆ ಎಲ್ಲರೂ ಬೆಲೆ ಕೂಗಿ ಅದು ಏಲಂ ಆಗುವುದನ್ನು ಕಾರ್ಕಳದವರ ಕಣ್ಣೆದುರೇ ನೋಡಬೇಕೆಂದು ಅವರು ಬಯಸಿದ್ದರು. ಗದ್ದೆಯ ಬಾವಿ ಏಪ್ರಿಲಿನಲ್ಲೇ ಬತ್ತಿತ್ತೆಂದು ಬಾಯಮ್ಮ ಆಗ ಹೇಳಿದರು. ಪೊರ್ಬುಗಳು ಮಾತ್ರ, ನೆಲ ಜಾರುತ್ತದೆ, ಬೀಳಬೇಡ, ಒಳಗೆ ಹೋಗಿ ಮಲಗು ಎಂದು ಗದರಿಸುತ್ತಲೇ ಇದ್ದರು.

ನನ್ನ ಮಗಳು ಮಣಿಪಾಲದಲ್ಲಿ ಹುಟ್ಟಿದಳು. ಗಿಡಗಳನ್ನು ಅವರು ಮತ್ತೆ ನೆಟ್ಟರು, ಮತ್ತೆ ಹೆದರಿದರು. ಆ ಹೆದರಿಕೆಯ ಪಟ್ಟಿಗೆ ಈಗ ನನ್ನ ಮಗಳೂ ಸೇರಿದಳು. ಅವಳು ಸೀನಿದರೆ ಗೋಡೆಯಾಚೆಯಿಂದ ವಿಚಾರಣೆ ಬರುತ್ತಿತ್ತು.

ಅವಳು ಶಾಲೆಗೆ ಹೋಗತೊಡಗಿದ ಮೇಲೆ, ಒಂದು ಬೇಸಿಗೆಯ ಕೊನೆಗೆ ಪೊರ್ಬುಗಳು ಹಾಸಿಗೆ ಹಿಡಿದು ಮಣಿಪಾಲದ ಆಸ್ಪತ್ರೆ ಸೇರಿದರು. ನಾನು ನೋಡಲು ಹೋದ ದಿನ ಕಿಟಕಿಯ ಹೊರಗೆ ಮೋಡ ಕವಿದಿತ್ತು. ಅವರು ನನ್ನ ಕೈ ಹಿಡಿದು ಕೇಳಿದ್ದು ಒಂದೇ.

“ದಂಬೆ ತಿರುಗಿಸಿದ್ದೀಯಾ?”

ಪ್ರತಿ ಬೇಸಿಗೆಯಲ್ಲಿ, ಮೊದಲ ಮಳೆಯ ಉಪ್ಪು ಒಳಗೆ ಸೇರದಂತೆ, ದಂಬೆಯನ್ನು ಟಾಂಕಿಯಿಂದ ಆಚೆಗೆ ತಿರುಗಿಸಿಡುವವರು ಅವರೇ. ಆ ವರ್ಷ ಯಾರಿಗೂ ನೆನಪಾಗಿರಲಿಲ್ಲ. ನಾನು ಸಿಕ್ಕಿದ ಬಸ್ಸು ಹತ್ತಿದೆ. ಉಡುಪಿ ದಾಟುವಾಗಲೇ ಹನಿ ಶುರುವಾಯಿತು. ಕಾಪು ಮುಟ್ಟುವವರೆಗೆ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದೆ. ಮಾಡು ನೆನೆಯುವ ಮೊದಲೇ ದಂಬೆ ತಿರುಗಿಸಿದೆ. ಅದನ್ನು ಅವರಿಗೆ ಹೇಳಲು ಮರುದಿನ ಮಣಿಪಾಲ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಫನದ ದಿನವೂ ಮಳೆ ಹೊಯ್ಯುತ್ತಿತ್ತು. ಬಾಯಮ್ಮ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ನಾನು ಬೆಳಿಗ್ಗೆ ಸಂಜೆ ದಂಬೆಯ ನೀರಿಗೆ ಬೆರಳು ಅದ್ದಿ ನೋಡುತ್ತಿದ್ದೆ. ಉಪ್ಪು ದಿನದಿಂದ ದಿನಕ್ಕೆ ತೆಳುವಾಗುತ್ತಾ ಬಂತು. ಒಂದು ಬೆಳಿಗ್ಗೆ ಎಷ್ಟು ಹೊತ್ತು ಕಣ್ಣು ಮುಚ್ಚಿ ನಿಂತರೂ ಏನೂ ತಿಳಿಯಲಿಲ್ಲ. ದಂಬೆಯನ್ನು ಟಾಂಕಿಯ ಕಡೆ ತಿರುಗಿಸಿ, ಒದ್ದೆ ಕೈಯಲ್ಲೇ ಅವರ ಅಡುಗೆಮನೆಗೆ ಹೋದೆ.

“ಬಾಯಮ್ಮಾ, ಚಪ್ಪೆ ಉಂಟು.”

ಅವರು ಒಲೆಯ ಮುಂದಿನಿಂದ ಎದ್ದು ಬಂದು, ಆ ಬೆರಳನ್ನು ಹಿಡಿದುಕೊಂಡು ಅತ್ತರು.