ನಿದ್ದೆಗೆಟ್ಟಂತೆ ಕಾಣುವ ಕಣ್ಣು

ಮೊನ್ನೆ ಮಡಕಶಿರಾದಲ್ಲಿ ಹಿಂದೂಪುರದ ಬಸ್ಸು ಹತ್ತಿ ಕಂಬಿ ಹಿಡಿದು ನಿಂತಿದ್ದೆ. ಪಕ್ಕದ ಸೀಟಿನಲ್ಲಿದ್ದ ಹುಡುಗಿ ನನ್ನ ಮುಖ ನೋಡಿದವಳೇ ಎದ್ದು ನಿಂತು, "ಕೂತ್ಕಳಿ ಆಂಟಿ, ಹುಷಾರಿಲ್ದಂಗೆ ಕಾಣ್ತೀರ" ಅಂದಳು. ಅವಳ ಕೊರಳಲ್ಲಿ ಗಾರ್ಮೆಂಟ್ಸಿನ ಗುರುತಿನ ಚೀಟಿ ಇತ್ತು. ವೇಲಿನಿಂದ ಹೊಸ ಬಟ್ಟೆಯ ಗಂಜಿ ವಾಸನೆ ಬರುತ್ತಿತ್ತು. ನನಗೆ ಏನೂ ಆಗಿರಲಿಲ್ಲ. ಹಿಂದಿನ ದಿನ ಮುದ್ದೆ ಉಂಡು ಮಲಗಿದವಳು ಕೋಳಿ ಕೂಗಿದ್ದೂ ಕೇಳಿಸದಂತೆ ನಿದ್ದೆ ಹೊಡೆದಿದ್ದೆ. ಆದರೂ ಕೂತೆ. ಸಿಕ್ಕ ಸೀಟು ಬಿಡುವಷ್ಟು ಸತ್ಯವಂತೆ ನಾನಲ್ಲ.

ನನ್ನ ಕಣ್ಣಿನ ಸುತ್ತ ಹುಟ್ಟಿನಿಂದಲೇ ಕಪ್ಪು. ಮುಖದ ಮಿಕ್ಕ ಭಾಗ ಗೋಧಿ ಬಣ್ಣ, ಕಣ್ಣಿನ ಸುತ್ತ ಮಾತ್ರ ಬಾಣಲೆಯ ತಳ. ಅದೂ ಸಮನಾಗಿಲ್ಲ, ಎಡಗಡೆ ಒಂದು ಕೈ ಹೆಚ್ಚು. ನಮ್ಮಜ್ಜಿಗೂ ಹಾಗೇ ಇತ್ತು. ಆಕೆ ಅದರ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ. "ನಿಮ್ತಾತ ಒಂದಿನಾನೂ ಕೇಳ್ಲಿಲ್ಲ ಕಣೆ, ನಿಂಗೇನು ಬಂದೈತೆ?" ಅನ್ನುತ್ತಿದ್ದಳು. ನಾನು ಕೇಳಬೇಕಲ್ಲ! ಹಾಲಿನ ಕೆನೆ, ಕಡ್ಲೆಹಿಟ್ಟು, ಹರಳೆಣ್ಣೆ, ಯಾವುದನ್ನೂ ಬಿಡಲಿಲ್ಲ. ನಿಂಬೆರಸ ಹಚ್ಚಿಕೊಂಡ ದಿನವಂತೂ ಉರಿ ತಡೆಯಲಾರದೆ ನೀರಿನ ತೊಟ್ಟಿಗೇ ಮುಖ ಅದ್ದಿದೆ. ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗಿದ್ದಾಗ ನನ್ನ ತಮ್ಮ, "ಅಮ್ಮಾ, ಇವ್ಳ ಮಕಕ್ಕೆ ಒಂದೀಟು ಒಗ್ಗರಣೆ ಹಾಕು" ಅಂತ ಕೂಗಿದ್ದ. ಶಾಲೆಯಲ್ಲಿ ತೆಲುಗು ಮೇಡಂ ದಿನಾ ಬೆಳಿಗ್ಗೆ "ನಿದ್ರ ಪೋಲೇದಾ?" ಎಂದು ಕೇಳುತ್ತಿದ್ದರು. ನಿದ್ದೆ ಮಾಡಿದ್ದೆ ಅಂದರೆ ನಂಬುತ್ತಿರಲಿಲ್ಲ, ಇಲ್ಲ ಅಂದರೆ ಯಾಕೆ ಎಂದು ಇನ್ನೊಂದು ಪ್ರಶ್ನೆ.

ನನಗೆ ಹತ್ತೊಂಬತ್ತು ತುಂಬಿದ ಮೇಲೆ ನಮ್ಮ ಮನೆಯಲ್ಲಿ ರೇಷ್ಮೆಹುಳ ಸಾಕುವುದನ್ನು ಬಿಟ್ಟರು. ನಾನು ರಾಯದುರ್ಗದ ಚಿಕ್ಕಮ್ಮನ ಮನೆಗೆ ಹೋಗಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದೆ. ಬೆಟ್ಟದ ಕೆಳಗೊಂದು ತಗಡಿನ ಶೆಡ್ಡು, ಸಾಲಾಗಿ ಮೂವತ್ತು ಮಿಷನ್ನು, ಎಲ್ಲರ ಬೆರಳೂ ನೀಲಿ. ಮೊದಲನೇ ದಿನವೇ ಮೇಸ್ತ್ರಿ ನನ್ನ ಮುಖ ನೋಡಿ, "ಬಣ್ಣ ಹತ್ತೈತಿ, ತೊಳ್ಕಂಡು ಬಾ ಹೋಗವಾ" ಅಂದರು. ತೊಳೆದುಕೊಂಡು ಬಂದೆ. ಇನ್ನೊಂದು ಸಲ ಕಳಿಸಿದರು. ಮೂರನೇ ಸಲ ಅವರೇ ಸುಮ್ಮನಾದರು.

ಆಮೇಲೆ ಶೆಡ್ಡಿನ ಹೆಂಗಸರದು ಶುರುವಾಯಿತು ನೋಡಿ. "ಯಾಕವಾ, ನಿದ್ದಿ ಮಾಡಿಲ್ಲೇನು?" "ಮನ್ಯಾಗ ಏನರ ತ್ರಾಸೇನು?" ಹುಟ್ಟಿನಿಂದಲೇ ಹೀಗೆ ಅಂದರೆ, ಪಾಪ, ಹುಡುಗಿ ದುಃಖ ಮುಚ್ಚಿಡುತ್ತಾಳೆ ಅಂದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರಲ್ಲ. ಹದಿನೈದು ದಿನದೊಳಗೆ ನಮ್ಮ ಚಿಕ್ಕಮ್ಮ ನನ್ನನ್ನು ಸರಿರಾತ್ರಿವರೆಗೂ ದುಡಿಸಿ ಬಡಿಯುತ್ತಾಳೆ ಎಂದು ಶೆಡ್ಡಿನಲ್ಲೆಲ್ಲ ಸುದ್ದಿಯಾಗಿತ್ತು. ಆ ಚಿಕ್ಕಮ್ಮನೋ, ನನ್ನ ಡಬ್ಬಿಗೆ ದಿನಾ ಒಂದು ರೊಟ್ಟಿ ಹೆಚ್ಚೇ ಹಾಕುತ್ತಿದ್ದ ಪುಣ್ಯಾತ್ಗಿತ್ತಿ.

ನನ್ನ ಪಕ್ಕದ ಮಿಷನ್ನು ಗಂಗಕ್ಕನದು. ದಿನಾ ಕಣೇಕಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಲವತ್ತರ ಆಸುಪಾಸು, ದುಂಡು ಮುಖ, ಬೆಳಗಿದ ತಟ್ಟೆಯಂಥ ಚರ್ಮ. ಒಂದು ಮಧ್ಯಾಹ್ನ ಊಟವಾದ ಮೇಲೆ ಆಕೆ ನನ್ನ ರಟ್ಟೆ ಹಿಡಿದು ಮೇಸ್ತ್ರಿಯ ಮುಂದೆ ನಿಲ್ಲಿಸಿದಳು.

"ಈ ಹುಡುಗಿ ಕಣ್ಣು ನೋಡ್ರಿ. ತೂಕಡಿಸಿ ಬೆರಳಿಗೆ ಸೂಜಿ ಹೊಡ್ಕಂತಾಳ. ಅರ್ಧ ತಾಸು ಮಲಗಿಸ್ಕಂಡು ಬರ್ತೀನ್ರಿ."

ಹಿಂದೊಮ್ಮೆ ಒಬ್ಬಳ ಬೆರಳಿಗೆ ಸೂಜಿ ಹೊಕ್ಕಿತ್ತಂತೆ, ಅಂದಿನಿಂದ ಮೇಸ್ತ್ರಿಗೆ ನಿದ್ದೆಗಣ್ಣಿನ ಹುಡುಗಿಯರೆಂದರೆ ಭಯ. "ಹೋಗ್ರಿ, ನೀನೇ ಎಬ್ಬಿಸ್ಕಂಡು ಬಾ" ಅಂದರು. ಕಟಿಂಗ್ ಟೇಬಲ್ಲಿನ ಹಿಂದೆ, ಕತ್ತರಿಸಿಟ್ಟ ಬಟ್ಟೆಯ ಗಂಟುಗಳ ಮೇಲೆ ನಾನು ಮಲಗಿದೆ. ಗಂಗಕ್ಕ ಕಾವಲಿಗೆ ಪಕ್ಕದಲ್ಲಿ ಕೂತಳು.

ಅಂದಿನಿಂದ ಅದೇ ಪದ್ಧತಿಯಾಯಿತು. ನಿದ್ದೆ ಬಾರದ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಿದ್ದಿರುತ್ತಿದ್ದೆ. ಸುಮ್ಮನೆ ಬಿದ್ದಿರುವ ಸುಖವೇನೋ ಇತ್ತು. ಆದರೆ ನನ್ನ ಸಲುವಾಗಿ ಆಕೆ ಕೆಲಸ ಬಿಟ್ಟು ಕೂರುತ್ತಾಳೆ, ನಾನು ಮೋಸ ಮಾಡುತ್ತಿದ್ದೇನೆ. ಹೇಳಿದರೆ ಆಕೆಯ ಅಕ್ಕರೆ ತಪ್ಪಿಹೋದೀತೆಂಬ ಹೆದರಿಕೆ. ಅಪ್ಪ ಅಮ್ಮನನ್ನು ಬಿಟ್ಟು ಬಂದವಳಿಗೆ ಆ ಅಕ್ಕರೆ ಬೇಕಾಗಿತ್ತು.

ಒಂದು ದಿನ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಅಂದೆ, "ಅಕ್ಕಾ, ನಾನು ಒಂಬತ್ತಕ್ಕೆ ಮನಿಕಂಡ್ರೆ ಏಳೋದು ಆರಕ್ಕೇಯ. ಈ ಕಪ್ಪು ನಮ್ಮಜ್ಜಿದು. ನಂಗೆ ಯಾವ ಕಷ್ಟಾನೂ ಇಲ್ಲ."

ಆಕೆಗೆ ಸಿಟ್ಟಾಯಿತೇನೋ ಎಂದು ಒಂದು ಕಣ್ಣು ತೆರೆದು ನೋಡಿದೆ. ಗಂಗಕ್ಕ ಗಂಟಿಗೆ ತಲೆ ಆನಿಸಿ, ಬಾಯಿ ತುಸು ತೆರೆದು, ಸತ್ತಂತೆ ನಿದ್ದೆ ಹೋಗಿದ್ದಳು. ಶೆಡ್ಡಿನ ತುಂಬ ಮಿಷನ್ನುಗಳ ಸದ್ದು, ಆಕೆಗೆ ಅದರ ಪರಿವೆಯೇ ಇರಲಿಲ್ಲ.

ಅರ್ಧ ತಾಸಾಯಿತು. ಮೇಸ್ತ್ರಿಯ ಚಪ್ಪಲಿ ಸದ್ದು ಹತ್ತಿರ ಬಂತು. ನಾನು ದಡಬಡಿಸಿ ಎದ್ದು ಅವರಿಗೆ ಅಡ್ಡ ಹೋಗಿ, ಕಣ್ಣು ಎಷ್ಟು ಸೋತಂತೆ ಕಾಣಬಹುದೋ ಅಷ್ಟು ಕಾಣಿಸುತ್ತ, "ತಲೆ ಸುತ್ತತೈತೆ ಸಾ, ಇನ್ನೊಂದು ಹತ್ತು ನಿಮಿಷ" ಅಂದೆ. ಅವರು ನನ್ನ ಮುಖ ನೋಡಿ ತಲೆ ಆಡಿಸಿ ಹೋದರು. ಜೀವಮಾನದಲ್ಲಿ ಮೊದಲ ಸಲ ಆ ಕಪ್ಪಿನ ಮೇಲೆ ಪ್ರೀತಿ ಬಂತು.

ಎಚ್ಚರವಾದ ಮೇಲೆ ಗಂಗಕ್ಕ ನಾಚಿಕೊಂಡಳು. ಅತ್ತೆಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತಂತೆ. ರಾತ್ರಿಯಿಡೀ ಗಳಿಗೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

"ಮತ್ತೆ ಮೇಸ್ತ್ರಿಗೆ ನೀನೇ ಹೇಳ್ಬೋದಿತ್ತಲ್ಲಕ್ಕ?"

"ನನ್ನ ಮುಖ ನೋಡಿ ಯಾರು ನಂಬ್ತಾರವಾ? ಮೂರು ವರ್ಷದಾಗ ಒಬ್ರರ ಕೇಳ್ಯಾರೇನು, ನಿದ್ದಿ ಮಾಡಿಯೇನು ಅಂತ? ಅದಕ್ಕ ನಿನ್ನ ಕಣ್ಣು ತೋರಿಸಿ ನಾನು ಮಲಗಿದೆ. ಬ್ಯಾಸರ ಮಾಡ್ಕಬ್ಯಾಡ."

"ನಂಗೇನೂ ಆಗಿಲ್ಲ ಅಂತ ಗೊತ್ತಿತ್ತಾ?"

"ಮೊದಲನೇ ವಾರನ ಗೊತ್ತಾತು. ನಿದ್ದಿಗೆಟ್ಟಾಕಿ ಹಾಡು ಹಾಡ್ಕೊಂತ ಜೇಬು ಹೊಲೀತಾಳೇನು?"

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ನಾಚಿಕೆಯೂ ಆಯಿತು. ದಿನಕ್ಕೆ ಹತ್ತು ಸಲ ಆ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಿತ್ತು. ಮೊಳದಾಚೆ ಕೂತವಳಿಗೆ ಒಂದು ಸಲವಾದರೂ ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಪೀಕಲಾಟ. ನನಗೆ ಗಂಡು ನೋಡುತ್ತಿದ್ದರಿಂದ ಚಿಕ್ಕಮ್ಮ ಎಲ್ಲಿಂದಲೋ ಒಂದು ಮುಲಾಮು ತರಿಸಿದ್ದಳು. ಹಚ್ಚುತ್ತ ಹಚ್ಚುತ್ತ ಕಪ್ಪು ನಿಜವಾಗಿಯೂ ತಿಳಿಯಾಗತೊಡಗಿತು. ಎಷ್ಟು ವರ್ಷ ಬೇಡಿದ್ದೆ ಅದನ್ನು! ಆದರೆ ಮೇಸ್ತ್ರಿ ಒಂದು ಮಧ್ಯಾಹ್ನ, "ಈಗ ಪರವಾಗಿಲ್ಲಲ್ಲ, ಕುಂತು ಹೊಲಿ" ಅಂದುಬಿಟ್ಟರು. ಗಂಗಕ್ಕನೂ ಮಿಷನ್ನಿಗೆ ಕೂತಳು. ಆ ದಿನ ಆಕೆಯ ಹೊಲಿಗೆ ಎರಡು ಸಲ ಸೊಟ್ಟಗಾಯಿತು. ಎರಡನೇ ಸಲ ಸೂಜಿ ಬೆರಳಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು.

ಮುಲಾಮನ್ನು ಅಂದೇ ಬಿಟ್ಟೆ. ಮಾರನೇ ದಿನ ಕೆಲಸಕ್ಕೆ ಹೋಗುವ ಮುಂಚೆ ಕಣ್ಣಿನ ಕೆಳಗೆ ಕಾಡಿಗೆ ತೀಡಿ, ಸೆರಗಿನ ತುದಿಯಿಂದ ಹರಡಿಕೊಂಡೆ. ಕಪ್ಪು ಸಾಲದೆಂದು ಕನ್ನಡಿಯ ಮುಂದೆ ಚಿಂತೆ ಮಾಡಿದ ಹೆಂಗಸು ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. "ಮುಲಾಮು ಹಚ್ಚಿಯೇನು? ಮೊದಲಿಗಿಂತ ಕರ್ರಗಾಗೀಯಲ್ಲ" ಎಂದು ಚಿಕ್ಕಮ್ಮ ಬಡಕೊಂಡಳು. ಮೇಸ್ತ್ರಿ ನೋಡಿದರು, ನಿಟ್ಟುಸಿರು ಬಿಟ್ಟರು, ಕಳಿಸಿದರು. ಗಂಟಿನ ಮರೆಗೆ ಬಂದ ಮೇಲೆ ಗಂಗಕ್ಕ ನನ್ನ ಕೆನ್ನೆಗಿಳಿದಿದ್ದ ಕಾಡಿಗೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ಆಕೆಯ ಕಣ್ಣು ತುಂಬಿತ್ತು. ನಾನೇ "ಮನಿಕಳಕ್ಕ, ಹೊತ್ತಾಗ್ತೈತೆ" ಅಂದೆ. ಕಾವಲು ಕೂತೆ.

ಆ ಅತ್ತೆ ತೀರಿಕೊಳ್ಳುವವರೆಗೂ ಇದು ನಡೆಯಿತು. ಹನ್ನೆರಡು ದಿನ ಕಳೆದು ಕೆಲಸಕ್ಕೆ ಬಂದ ಗಂಗಕ್ಕ ಮಧ್ಯಾಹ್ನ ಏಳಲಿಲ್ಲ. "ಇನ್ನ ಬ್ಯಾಡವಾ. ಆದ್ರೂ ರಾತ್ರಿ ಕೈ ತಾನಾ ಎದ್ದು ಅತ್ತೀನ ಹುಡುಕತೈತಿ ನೋಡು" ಅಂದಳು. ಮುಂದಿನ ವರ್ಷ ನನಗೆ ಮದುವೆಯಾಗಿ ಈ ಮಡಕಶಿರಾ ಕಡೆ ಬಂದೆ. ಮುಲಾಮಿನ ಕಡೆಗೆ ಮತ್ತೆ ತಿರುಗಿ ನೋಡಲಿಲ್ಲ.

ಬಸ್ಸು ಊರು ದಾಟಿತ್ತು. ಸೀಟು ಬಿಟ್ಟುಕೊಟ್ಟ ಹುಡುಗಿ ಕಂಬಿ ಹಿಡಿದು ನಿಂತಿದ್ದಳು. ಹೊಳೆಯುವ ಮುಖ, ಒಂದು ಮಚ್ಚೆಯೂ ಇಲ್ಲ.

"ನೀನು ನಿದ್ದೆ ಮಾಡಿದ್ಯೇನವ್ವಾ?" ಅಂತ ಕೇಳಿದೆ.

ಅವಳು ಗಾಬರಿಯಾಗಿ ನೋಡಿದಳು. "ಹೂಂ ಆಂಟಿ, ಚೆನ್ನಾಗಿ ಮಾಡ್ದೆ. ಯಾಕೆ?"

"ಸುಮ್ನೆ ಕೇಳ್ದೆ."

ಎರಡು ಸ್ಟಾಪು ಕಳೆದವು. ಆಮೇಲೆ ಅವಳು ನನ್ನ ಕಡೆ ಬಗ್ಗಿ, ಬೇರೆ ಯಾರಿಗೂ ಕೇಳದಂತೆ, "ಇಲ್ಲ ಆಂಟಿ, ಮಾಡಿಲ್ಲ" ಅಂದಳು.

ನಾನು ಎದ್ದು ಅವಳನ್ನು ಕೂರಿಸಿದೆ.