ಚೆಂಡು ನಮ್ಮ ಕಡೆ ಬರಲೆಂದು ಕಾದ ಮಧ್ಯಾಹ್ನ

ಹಳೆಯ ಟೀವಿ ಬಿಸಿಯಾಗುವಾಗ ಬರುವ ವಾಸನೆ ಎಂಥದೆಂದು ಈಗಿನ ಮಕ್ಕಳಿಗೆ ಹೇಳುವುದು ಕಷ್ಟ. ಒಳಗಿನ ಧೂಳು ಮೆಲ್ಲಗೆ ಕಾಯುತ್ತದೆ, ಕಟ್ಟಿಗೆಯ ಡಬ್ಬಿಯ ಪಾಲಿಶ್ ಅದರೊಡನೆ ಬೆರೆಯುತ್ತದೆ. ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯನ್ನು ಬಹಳ ದಿನ ಮುಚ್ಚಿದ್ದ ಕಪಾಟಿನಲ್ಲಿ ಇಟ್ಟ ಹಾಗೆ. ಹೋದ ತಿಂಗಳು ದುರ್ಗದಬೈಲಿನ ಸಂತೆಯ ಹಿಂದಿನ ಓಣಿಯಲ್ಲಿ ಹಳೆ ಸಾಮಾನಿನ ಅಂಗಡಿಯವನೊಬ್ಬ ಗಿರಾಕಿಗೆ ತೋರಿಸಲೆಂದು ಅಂಥದೊಂದು ಟೀವಿಗೆ ಕರೆಂಟು ಕೊಟ್ಟಿದ್ದ. ಚಿತ್ರವೇನೂ ಬರಲಿಲ್ಲ, ವಾಸನೆ ಬಂತು. ಮೆಂತ್ಯದ ಪಲ್ಲೆಯ ಚೀಲ ಹಿಡಿದುಕೊಂಡು ನಾನು ಅಲ್ಲಿಯೇ ನಿಂತುಬಿಟ್ಟೆ. ಸಂತೆಯ ಗದ್ದಲದ ನಡುವೆ ನನಗೆ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಮನೆಯ ಮುಂದಿನ ಕೋಣೆ ಕಾಣತೊಡಗಿತು. ಆ ಸಾಲು ಮನೆಗಳನ್ನೆಲ್ಲ ಕೆಡವಿ ಬಹಳ ವರ್ಷಗಳಾದವು. ನಿಮ್ಮ ಬಾಲ್ಯದ ಮನೆಯೂ ಹೀಗೆಯೇ ಎಲ್ಲಿಯೋ ಹೋಗಿರಬಹುದು.

ಅಜ್ಜ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಕೆಂಪು ಇಟ್ಟಿಗೆಯ ಆ ಮನೆಯಲ್ಲಿ ಅಜ್ಜ, ನಾವು ಆಯಿ ಎಂದು ಕರೆಯುತ್ತಿದ್ದ ಅಜ್ಜಿ, ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಂಗಿ ಸುಮಿತ್ರಾ ಇದ್ದೆವು. ಸುಮಿತ್ರಾ ಅತ್ತಿ ಎನ್ನುವುದು ನನ್ನ ಬಾಯಿಗೆ ಹೊರಳದೆ ಸುಮಿತ್ತಿ ಆಗಿತ್ತು, ಕೊನೆಗೆ ಇಡೀ ಓಣಿಗೇ ಅವಳು ಸುಮಿತ್ತಿಯಾದಳು. ಟೀವಿಯನ್ನು ಗೋಡೆಯ ಹಲಗೆಯ ಮೇಲೆ ಇಟ್ಟಿದ್ದರು. ಅದರ ಮೇಲೆ ಆಯಿ ಹೆಣೆದ ಬಿಳಿ ನೂಲಿನ ಹೊದಿಕೆ, ಹೊದಿಕೆಯ ಮೇಲೆ ಅಜ್ಜ ತಂದಿಟ್ಟ ಪುಟ್ಟ ಬುದ್ಧ. ಆಗ ಇದ್ದದ್ದು ಒಂದೇ ಚಾನೆಲ್, ಸರಕಾರದ್ದು. ಛಾವಣಿಯ ಮೇಲಿನ ಆಂಟೆನಾ ಗಾಳಿಗೆ ತಿರುಗಿದರೆ ಆಟಗಾರರೆಲ್ಲ ಇಬ್ಬಿಬ್ಬರಾಗಿ ಓಡುತ್ತಿದ್ದರು. ಕ್ರಿಕೆಟ್ ಆಡುವ ದಿನ ಮನೆ ತುಂಬ ಜನ, ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ. ಆಟ ರಂಗೇರಿದಾಗಲೇ ವಾರ್ತೆಯ ಹೊತ್ತಾಗುತ್ತಿತ್ತು. ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ, ವಾರ್ತೆ ಮುಗಿಯುವವರೆಗೆ ಆಯಿ ಚಹಾ ಸೋಸುತ್ತಿದ್ದಳು. ಹಾಕಿ, ಫುಟ್‌ಬಾಲ್‌ಗಳಿಗೆ ಸಿಗುತ್ತಿದ್ದದ್ದು ಕ್ರಿಕೆಟ್ ಉಂಡು ಬಿಟ್ಟ ಹೊತ್ತು. ಹೆಂಗಸರ ಆಟವನ್ನಂತೂ ತೋರಿಸಿದ್ದೇ ಅಪರೂಪ.

ಸುಮಿತ್ತಿ ಹಾಕಿ ಆಡುತ್ತಿದ್ದಳು. ಧಾರವಾಡದ ಕಾಲೇಜಿಗೆ ಹೋಗುವಾಗ ಹಿಡಿದ ಸ್ಟಿಕ್ಕು ಅವಳನ್ನು ರಾಜ್ಯ ತಂಡದವರೆಗೆ ಒಯ್ದಿತ್ತು. ಅವಳು ಗೋಲ್‌ಕೀಪರ್. ಕಾಲಿಗೆ ಕಟ್ಟುವ ದಪ್ಪ ಪ್ಯಾಡುಗಳನ್ನು ಹಿತ್ತಲಿನ ಹಗ್ಗದ ಮೇಲೆ ಒಣಹಾಕಿದರೆ ಅವು ನನ್ನಷ್ಟೇ ಎತ್ತರ ಇರುತ್ತಿದ್ದವು. ಅಜ್ಜ ಅವಳನ್ನು ತಡೆದವರಲ್ಲ, ಆದರೆ ಒಮ್ಮೆಯೂ ಮೈದಾನಕ್ಕೆ ಹೋಗಿ ಅವಳ ಆಟ ನೋಡಿದವರೂ ಅಲ್ಲ. ಆ ವರ್ಷ ಗದಗಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ, ಒಳ್ಳೆಯ ಮನೆತನ. ಮದುವೆಯಾದ ಮೇಲೆ ಆಟ ಬಿಡಬೇಕು ಎಂಬುದೊಂದೇ ಅವರ ಮಾತು. ಅಜ್ಜ ಒಪ್ಪಿಬಿಟ್ಟರು. ದೂರದ ಊರಿನ ಟೂರ್ನಮೆಂಟಿಗೆ ಹೊರಟು ನಿಂತ ಮಗಳಿಗೆ, ಅವಳ ಮುಖ ನೋಡದೆ, “ಇದs ಕಡೀದು ನೋಡವಾ. ಅವರಿಗೆ ಮಾತು ಕೊಟ್ಟೇನಿ” ಎಂದರು. ಅವಳು ಬಾಗಿ ಶೂ ದಾರ ಕಟ್ಟಿಕೊಳ್ಳುತ್ತಿದ್ದಳು. “ಹೂನ್ರಿ ಅಪ್ಪಾ” ಎಂದಳು. ಬಾಗಿಲ ತನಕ ಹೋಗಿ ತಿರುಗಿ, “ಫೈನಲ್‌ಗೆ ಬಂದ್ರ ಟೀವ್ಯಾಗ ತೋರಸ್ತಾರಂತ. ನೋಡ್ರಿ” ಎಂದು ಹೋದಳು.

ತಂಡ ಫೈನಲ್ ಮುಟ್ಟಿತು. ಆ ಭಾನುವಾರ ಮಧ್ಯಾಹ್ನ ಅಪ್ಪ ಛಾವಣಿ ಹತ್ತಿ ಆಂಟೆನಾಕ್ಕೆ ಸೈಕಲ್ ಟ್ಯೂಬು ಸುತ್ತಿ ಗಟ್ಟಿ ಮಾಡಿ ಬಂದ. ಪಕ್ಕದ ಮನೆಯ ಫಾತಿಮಾ ಖಾಲಾ ಬಿಸಿ ಶೇಂಗಾ ಹುರಿದುಕೊಂಡು ಬಂದು ಆಯಿಯ ಮಗ್ಗುಲಿಗೆ ಕೂತಳು. ಅಜ್ಜ ಇಸ್ತ್ರಿ ಅಂಗಿ ಹಾಕಿಕೊಂಡು, ಮದುವೆಗೆ ಬಂದವರ ಹಾಗೆ ಕುರ್ಚಿಯ ತುದಿಗೆ ಕೂತಿದ್ದರು. ಆಟ ಸುರುವಾಯಿತು. ಇದ್ದದ್ದು ಒಂದೇ ಕ್ಯಾಮೆರಾ, ಮೈದಾನದ ನಡುಗೆರೆಯ ಪಕ್ಕದಲ್ಲಿ. ಚೆಂಡು ಎಲ್ಲಿ ಹೋದರೆ ಅಲ್ಲಿಗೆ ಅದರ ಕಣ್ಣು. ನಮ್ಮ ಹುಡುಗಿಯರು ಚೆನ್ನಾಗಿ ಆಡುತ್ತಿದ್ದುದರಿಂದ ಚೆಂಡು ಎದುರಾಳಿಗಳ ಕಡೆಯೇ ಇತ್ತು, ಈ ಕಡೆಯ ಗೋಲಿನಲ್ಲಿ ನಿಂತ ಸುಮಿತ್ತಿ ಕಾಣಲೇ ಇಲ್ಲ. ಆಯಿಗೆ ತಡೆಯದಾಯಿತು. “ಆ ಚೆಂಡು ಒಮ್ಮೆರೆ ನಮ್ಮ ಹುಡುಗಿ ಕಡೆ ಬರ್ಲಿ, ಮಾರಿ ಕಾಣ್ತದ” ಎಂದಳು. ಅಪ್ಪ ನಕ್ಕು, “ಹಂಗ ಅನಬಾರ್ದು ಯವ್ವಾ, ಬಂದ್ರ ಗೋಲ್ ಆಗ್ತದ” ಎಂದ. “ಅಕಿ ಅದಾಳಲಾ, ತಡೀತಾಳ ಬಿಡು” ಎಂದಳು ಆಯಿ.

ಚೆಂಡು ಬಂತು. ಎದುರಾಳಿ ಹುಡುಗಿಯೊಬ್ಬಳು ಒಂದೇ ಓಟಕ್ಕೆ ಎಲ್ಲರನ್ನೂ ದಾಟಿ ನುಗ್ಗಿದಳು. ಪರದೆಯ ಅಂಚಿನಲ್ಲಿ ಬಿಳಿ ಪ್ಯಾಡಿನ ನಮ್ಮ ಸುಮಿತ್ತಿ ಕಂಡಳು, ಮುಂದೆ ಓಡಿದಳು, ಆ ಹುಡುಗಿಯ ಕಾಲಿಗೆ ಅಡ್ಡ ಬಿದ್ದಳು. ಎದುರಾಳಿಯ ಸ್ಟಿಕ್ಕು ಅವಳ ಮುಖದತ್ತ ಮೇಲೆದ್ದದ್ದು ಕಂಡಿತು. ಆಗೆಲ್ಲ ಗೋಲ್‌ಕೀಪರುಗಳು ಮುಖಕ್ಕೆ ಜಾಳಿಗೆ ಹಾಕಲೇಬೇಕೆಂದು ಇರಲಿಲ್ಲ. ಚೆಂಡು ಹೊರಗೆ ಹೋಯಿತು, ಆ ಹುಡುಗಿ ಎದ್ದಳು, ಇವಳು ಏಳಲಿಲ್ಲ. ಆಟಗಾರ್ತಿಯರು ಸುತ್ತ ನೆರೆದರು, ಯಾರೋ ಹೊರಗಿನವರನ್ನು ಕೈಬೀಸಿ ಕರೆದರು. ಅಷ್ಟರಲ್ಲಿ ಚಿತ್ರ ಒಮ್ಮೆ ನಡುಗಿ ಹೋಗಿಯೇಬಿಟ್ಟಿತು. ಎಲ್ಲಿ ಏನು ಕೆಟ್ಟಿತ್ತೋ, ಅಡಚಣೆಗಾಗಿ ವಿಷಾದಿಸುವ ಫಲಕ ಬಂತು, ಹಿಂದೆ ಸಿತಾರ್ ನುಡಿಯಿತು. ಆಮೇಲೆ ಒಬ್ಬರು ಬಂದು ಹೂಕೋಸಿಗೆ ಬೀಳುವ ರೋಗದ ಬಗ್ಗೆ ಸಾವಕಾಶವಾಗಿ ಮಾತಾಡತೊಡಗಿದರು.

ಆ ಹೊತ್ತನ್ನು ಹೇಗೆ ಹೇಳಲಿ? ಅಪ್ಪ ಛಾವಣಿಗೆ ಓಡಿದ, ಆಂಟೆನಾ ಅಲುಗಾಡಿರಲಿಲ್ಲ, ಇಳಿದು ಬಂದ. ವರ್ಕ್‌ಶಾಪಿನ ಗೇಟಿಗೆ ಹೋಗಿ ಫೋನು ಮಾಡುತ್ತೇನೆಂದು ಅಂಗಿ ಹಾಕಿಕೊಂಡ. “ಯಾರಿಗೆ ಮಾಡ್ತಿ? ಯಾವ ನಂಬರಿಗೆ?” ಎಂದರು ಅಜ್ಜ. ಅಪ್ಪ ಗುಂಡಿ ಹಾಕುವುದನ್ನು ಅರ್ಧಕ್ಕೆ ಬಿಟ್ಟು ನಿಂತ. ಆಯಿ ನೆಲ ನೋಡುತ್ತ, “ನಾನs ಕರದೆ. ಬಾ ಅಂತ ನಾನs ಕರದೆ” ಎನ್ನುತ್ತಿದ್ದಳು. ಖಾಲಾ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, “ಏನ ಆಗಿರಂಗಿಲ್ಲ ಬಿಡ್ರಿ, ಗಟ್ಟಿ ಹುಡುಗಿ ಅಕಿ” ಎಂದು ಮತ್ತೆ ಮತ್ತೆ ಹೇಳಿದಳು. ಅಜ್ಜ ಎದ್ದು ಚಪ್ಪಲಿ ಮೆಟ್ಟಿದರು, ಹೋಗುವ ಜಾಗವಿಲ್ಲದೆ ಚಪ್ಪಲಿಯಲ್ಲಿಯೇ ಬಂದು ಕೂತರು. ಮನೆಯೊಳಗೆ ಅವರು ಚಪ್ಪಲಿಯಲ್ಲಿ ಇದ್ದದ್ದನ್ನು ನಾನು ನೋಡಿದ್ದು ಅಂದು ಮಾತ್ರ.

ಪಂದ್ಯ ಮರಳಿ ಬಂತು. ಯಾರು ಬಿದ್ದಿದ್ದರು, ಏನಾಯಿತು ಎಂದು ಹೇಳುವವರಿಲ್ಲ. ಕಾಮೆಂಟರಿಯವರು ಅದನ್ನೆಲ್ಲ ಯಾವಾಗಲೋ ಹೇಳಿ ಮುಗಿಸಿದ್ದರು. ಚೆಂಡು ಮತ್ತೆ ಆ ಕಡೆಯೇ. ಈ ಕಡೆಯ ಗೋಲಿನಲ್ಲಿ ನಿಂತವಳು ಸುಮಿತ್ತಿಯೋ ಬದಲಿಗೆ ಬಂದವಳೋ ತಿಳಿಯಲು ಚೆಂಡು ಇತ್ತ ಬರಲೇಬೇಕಿತ್ತು. ಈ ಸಲ ಯಾರಿಗೂ ಕರೆಯುವ ಧೈರ್ಯವಿರಲಿಲ್ಲ. ಕೊನೆಗೆ ಅಜ್ಜನೇ, ಯಾರಿಗೋ ಗುಟ್ಟು ಹೇಳುವ ಹಾಗೆ, “ಬರ್ಲಿ” ಎಂದರು. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ತಿರುಗಿತು. ಗೋಲಿನ ಮುಂದೆ ತಲೆಗೆ ಬಿಳಿ ಪಟ್ಟಿ ಸುತ್ತಿದ ಒಬ್ಬಳು ನಿಂತಿದ್ದಳು. ನಮ್ಮ ಟೀವಿಯಲ್ಲಿ ಅವಳಿಗೆ ಮುಖವೇ ಇರಲಿಲ್ಲ, ಬರೀ ಬೂದಿ ಬಣ್ಣದ ಒಂದು ಮಚ್ಚೆ. ಅಪ್ಪ, “ಬ್ಯಾರೆ ಹುಡುಗಿ ಏನೋ” ಎಂದ. “ಅಲ್ಲ. ಅಕಿನs” ಎಂದರು ಅಜ್ಜ. “ಆ ಕೈ ನೋಡು, ಟೊಂಕದ ಮ್ಯಾಲ. ನಮ್ಮವ್ವ ನಳದ ಮುಂದ ಹಂಗs ನಿಂದರತಿದ್ಲು.” ಚೆಂಡು ಗುಂಡಿನಂತೆ ಬಂತು. ಅವಳು ಟೊಂಕದ ಕೈ ತೆಗೆದು ಕಾಲು ಚಾಚಿದಳು, ಚೆಂಡು ಪ್ಯಾಡಿಗೆ ಬಡಿದು ದೂರ ಸಿಡಿಯಿತು. ಆಯಿ ಅಳುತ್ತ ನಗತೊಡಗಿದಳು. ಖಾಲಾಳ ಮಡಿಲಿನ ಶೇಂಗಾ ನೆಲಕ್ಕೆಲ್ಲ ಚೆಲ್ಲಿತು, ಯಾರೂ ಆರಿಸಲಿಲ್ಲ. ಅಜ್ಜ ಟಾವೆಲ್ಲಿನಿಂದ ಮುಖ ಒರೆಸಿಕೊಂಡು, “ಇಷ್ಟು ಛಲೋ ಆಡ್ತಾಳಂತ ನನಗ ಯಾರೂ ಹೇಳಿದ್ದಿಲ್ಲ” ಎಂದರು. “ನೀವು ಕೇಳಿದ್ದಿಲ್ರಿ” ಎಂದ ಅಪ್ಪ. ಅಜ್ಜ ಸಿಟ್ಟಾಗಲಿಲ್ಲ. ಪಂದ್ಯವನ್ನು ನಮ್ಮವರು ಸೋತರು. ನಮ್ಮ ಮನೆಯಲ್ಲಿ ಮಾತ್ರ ಅದು ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ. ಆಯಿ ಅಂದು ಹುಗ್ಗಿ ಮಾಡಿದಳು.

ಮರುದಿನ ಅಜ್ಜ ರಜೆ ಹಾಕಿ ಗದಗಿಗೆ ಹೋದರು. ಹುಡುಗಿ ಆಟ ಬಿಡುವುದಿಲ್ಲ, ನಿಮಗೆ ಒಪ್ಪಿಗೆಯಿದ್ದರೆ ಮುಂದಿನ ಮಾತು ಎಂದು ಅವರ ಮನೆಯಲ್ಲಿ ಹೇಳಿದರಂತೆ. ಸಂಜೆ ರೈಲಿನಿಂದ ಇಳಿದು ಬಂದಾಗ ಅವರ ಕೈಯಲ್ಲಿ ಎಣ್ಣೆ ಹತ್ತಿದ ಪೇಪರಿನಲ್ಲಿ ಗದಗಿನ ಬದನೆಕಾಯಿ ಬಜಿ ಇತ್ತು. “ಒಲ್ಲೆ ಅಂದ್ರು. ಛಲೋ ಆತು” ಎಂದು ಪೊಟ್ಟಣವನ್ನು ಆಯಿಯ ಕೈಗೆ ಕೊಟ್ಟು, ಮೈಮೇಲಿನ ಭಾರ ಇಳಿಸಿದವರಂತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ಸುಮಿತ್ತಿ ಬಂದ ದಿನ ನಾವೆಲ್ಲ ಸ್ಟೇಷನ್ನಿಗೆ ಹೋಗಿದ್ದೆವು. ಹುಬ್ಬಿನ ಮೇಲೆ ಹೊಲಿಗೆ, ಕಣ್ಣ ಸುತ್ತ ನೀಲಿ. ಅಜ್ಜ ಅವಳ ಪ್ಯಾಡಿನ ಚೀಲವನ್ನು ತಾವೇ ಹೆಗಲಿಗೇರಿಸಿ, “ಮುಂದಿನ ಮ್ಯಾಚ್ ಯಾವಾಗವಾ?” ಎಂದು ಕೇಳಿದರು. ಪೆಟ್ಟು ಬಿದ್ದಾಗ ಅತ್ತಿರದ ಹುಡುಗಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅತ್ತಳು. ಚಿತ್ರ ಹೋದದ್ದನ್ನು ಅವಳಿಗೆ ಹೇಳಬಾರದೆಂದು ಆಯಿ ನಮಗೆಲ್ಲ ತಾಕೀತು ಮಾಡಿದ್ದಳು. ಮನೆಯವರು ಹೆದರಿದ್ದು ಗೊತ್ತಾದರೆ ಅವಳಿಗೂ ಹೆದರಿಕೆ ಹೊಗುತ್ತದೆ ಎಂದು.

ಆಮೇಲೆ ಸುಮಿತ್ತಿ ಬಹಳ ವರ್ಷ ಆಡಿದಳು, ಆಟದಿಂದಲೇ ನೌಕರಿ ಹಿಡಿದಳು, ತನಗೆ ಬೇಕೆನಿಸಿದಾಗ ಬೇಕೆನಿಸಿದವರನ್ನು ಮದುವೆಯಾದಳು. ಟೀವಿಗೆ ಬಣ್ಣ ಬಂತು, ಚಾನೆಲ್ಲುಗಳು ಬಂದವು, ಆಟ ನೋಡಲು ದುಡ್ಡು ಕಟ್ಟುವ ಕಾಲ ಬಂತು. ಒಬ್ಬರ ಮನೆಗೆ ಒಬ್ಬರು ಆಟ ನೋಡಲು ಹೋಗುವುದು ನಿಂತಿತು. ಅಜ್ಜ ಹೋದರು, ಆಯಿ ಹೋದಳು, ಖಾಲಾ, ಅವ್ವ, ಹೋದ ವರ್ಷ ಅಪ್ಪ.

ಈಗ ಸುಮಿತ್ತಿ ಬೈರಿದೇವರಕೊಪ್ಪದಲ್ಲಿದ್ದಾಳೆ. ಮೊನ್ನೆ ಅವಳ ಮನೆಗೆ ಹೋದಾಗ ಅಂದಿನ ಮಾತು ತಾನಾಗಿಯೇ ಬಂತು. “ಡಾಕ್ಟರ್ ಹೊರಗ ಕುಂದರು ಅಂದ್ರು,” ಎಂದಳು. “ನಾ ಒಲ್ಲೆ ಅಂದೆ. ನಮ್ಮವ್ವ ಟೀವಿ ಮುಂದ ಕುಂತಿರ್ತಾಳ್ರಿ, ನಾ ಎದ್ದದ್ದು ಅಕಿಗೆ ಕಾಣಬೇಕು, ಲಗೂ ಕಟ್ರಿ ಅಂದೆ. ಕಟ್ಟಿಸಿಕೊಂಡು ಓಡಿದೆ.” ಇನ್ನು ಮುಚ್ಚಿಡುವುದು ಯಾರಿಗಾಗಿ ಎನಿಸಿ ನಾನು ಹೇಳಿದೆ: ಅವಳು ಎದ್ದ ಹೊತ್ತಿನಲ್ಲಿ ನಮ್ಮ ಪರದೆಯ ಮೇಲೆ ಪಂದ್ಯವೇ ಇರಲಿಲ್ಲವೆಂದು. ಅವಳ ಬೆರಳು ಹುಬ್ಬಿನ ಮೇಲಿನ ಹಳೆಯ ಹೊಲಿಗೆಯ ಗೆರೆಯನ್ನು ಸವರಿತು.

“ಆದ್ರೂ ಆಮ್ಯಾಲೆ ನೋಡಿದ್ರಲಾ?”

“ನೋಡಿದ್ರು ಅತ್ತಿ. ಎಲ್ಲಾರೂ ನೋಡಿದ್ರು.”

“ಹಂಗಾರ ಸಾಕು ಬಿಡು” ಎಂದು ಅವಳು ಹಗುರಾಗಿ ಚಹಾಕ್ಕೆ ಎದ್ದಳು. ಎಲ್ಲರೂ ಎಂದು ಎಷ್ಟು ಸಲೀಸಾಗಿ ಹೇಳಿದ್ದೆ. ಆ ಕೋಣೆಯಲ್ಲಿ ಕೂತು ಅವಳನ್ನು ನೋಡಿದವರ ಪೈಕಿ, ನೋಡಿದೆವು ಎಂದು ಹೇಳಲು ಈಗ ಉಳಿದವಳು ನಾನೊಬ್ಬಳೇ.